ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮೂತ್ರಕೋಶದ ಹಳೆಯ ನೋವಿಗೆ ಹೈಲುರಾನಿಕ್ ಆಸಿಡ್

ಮೂರು ತಿಂಗಳ ಹಿಂದೆ ಈ ಅಂಕಣದಲ್ಲಿ, ಸೋಂಕು ಇಲ್ಲದಿದ್ದರೂ ವರ್ಷಗಟ್ಟಲೆ ಬಿಡದೆ ಕಾಡುವ ಮೂತ್ರಕೋಶದ ನೋವಿನ ಬಗ್ಗೆ ಒಂದು ಚಿಕ್ಕ ಉತ್ತರ ಬರೆದಿದ್ದೆ. ಆ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಂಗಸರವು. ಅನೇಕ ಪತ್ರಗಳಿಗೆ ಹೆಸರೇ ಇಲ್ಲ. ಬಹಳಷ್ಟು ಜನ ಕೇಳಿರುವುದು ಒಂದೇ ಚಿಕಿತ್ಸೆಯ ವಿಷಯ. ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಗುರುತು ಸಿಗದಂತೆ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಪ್ರತಿ ಪತ್ರದ ಕೆಳಗೆ ನನ್ನ ಉತ್ತರವಿದೆ.

ನನಗೆ 43 ವರ್ಷ. ಯಲಬುರ್ಗಾ ತಾಲ್ಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿ. ಮೂರು ವರ್ಷಗಳಿಂದ ಕಿಬ್ಬೊಟ್ಟೆಯಲ್ಲಿ ನೋವಿದೆ. ಮೂತ್ರ ತುಂಬುತ್ತಾ ಬಂದಂತೆ ಅದು ಹೆಚ್ಚುತ್ತದೆ, ಹೋಗಿ ಬಂದರೆ ಸ್ವಲ್ಪ ಹೊತ್ತು ಹಗುರವಾಗುತ್ತದೆ. ಒಂದು ಪಿರಿಯಡ್ ಪೂರ್ತಿ ತರಗತಿಯಲ್ಲಿ ನಿಲ್ಲುವುದು ಕಷ್ಟ. ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯನ್ನು ಐದು ಸಲ ಮಾಡಿಸಿದ್ದೇನೆ, ಐದರಲ್ಲೂ ಏನೂ ಬೆಳೆದಿಲ್ಲ. ಆದರೂ ಪ್ರತಿ ಸಲ ಆಂಟಿಬಯೋಟಿಕ್ ಬರೆದುಕೊಟ್ಟಿದ್ದಾರೆ. ಈಗ ಹುಬ್ಬಳ್ಳಿಯ ತಜ್ಞರೊಬ್ಬರು ದುರ್ಬೀನು ಹಾಕಿ ನೋಡಿ, ಇದು ಬ್ಲಾಡರ್ ಪೇನ್ ಸಿಂಡ್ರೋಮ್, ವಾರಕ್ಕೊಂದರಂತೆ ಆರು ಸಲ ಹೈಲುರಾನಿಕ್ ಆಸಿಡ್ ಅನ್ನು ಮೂತ್ರಕೋಶದೊಳಗೆ ಬಿಡೋಣ ಎಂದಿದ್ದಾರೆ. ಆಸಿಡ್ ಎಂಬ ಮಾತು ಕೇಳಿ ನಮ್ಮ ಅತ್ತೆಯವರು ಹೆದರಿದ್ದಾರೆ. ಮುಖಕ್ಕೆ ಹಚ್ಚುವ ಸೀರಮ್ಮಿನ ಬಾಟಲಿಯ ಮೇಲೂ ಇದೇ ಹೆಸರಿದೆ ಎಂದು ಮಗಳು ತೋರಿಸುತ್ತಾಳೆ. ಇದು ನಿಜವಾಗಿ ಏನು? ಇದರಿಂದ ಗುಣವಾಗುತ್ತದೆಯೇ?

ಅತ್ತೆಯವರ ಹೆದರಿಕೆಯನ್ನು ಮೊದಲು ಹೋಗಲಾಡಿಸೋಣ. ಹೆಸರಿನಲ್ಲಿ ಆಸಿಡ್ ಇದ್ದರೂ ಇದು ಸುಡುವ ಪದಾರ್ಥವಲ್ಲ. ನಮ್ಮೆಲ್ಲರ ಮೈಯಲ್ಲಿ, ಚರ್ಮದಲ್ಲಿ, ಕೀಲುಗಳ ನಡುವಿನ ದ್ರವದಲ್ಲಿ, ಕಣ್ಣಿನೊಳಗಿನ ತಿಳಿಯಾದ ಲೋಳೆಯಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಅದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಗಾಜಿನಂತೆ ತಿಳಿಯಾಗಿದ್ದುದರಿಂದ, ಗಾಜು ಎಂಬ ಅರ್ಥದ ಗ್ರೀಕ್ ಮಾತನ್ನು ಸೇರಿಸಿ ಆ ಹೆಸರಿಟ್ಟರು. ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಸೀರಮ್ಮಿನಲ್ಲಿ ಹಾಕುವುದು ಅದಕ್ಕೇ, ಮೊಣಕಾಲಿನ ಸವೆತಕ್ಕೆ ಕೊಡುವ ಜೆಲ್ ಇಂಜೆಕ್ಷನ್ನಿನಲ್ಲಿರುವುದೂ ಅದೇ. ಹಾಗೆಂದು ಮುಖದ ಸೀರಮ್ಮಿಗೂ ಈ ಔಷಧಕ್ಕೂ ಹೆಸರಿನ ನಂಟಷ್ಟೇ. ಮೂತ್ರಕೋಶಕ್ಕೆ ಬಿಡುವುದು ಅದರ ಸೋಡಿಯಂ ಲವಣವನ್ನು ಕರಗಿಸಿದ, ಕ್ರಿಮಿರಹಿತವಾಗಿ ತಯಾರಿಸಿದ ದ್ರಾವಣ. ಹೆಚ್ಚು ಬಳಕೆಯಲ್ಲಿರುವ ತಯಾರಿಕೆಯಲ್ಲಿ 50 ಮಿಲಿಲೀಟರಿಗೆ 40 ಮಿಲಿಗ್ರಾಂ ಇರುತ್ತದೆ.

ಅದನ್ನು ಮೂತ್ರಕೋಶಕ್ಕೇಕೆ ಬಿಡಬೇಕು ಎಂಬುದನ್ನು ನಮ್ಮ ಕಡೆಯ ಒಂದು ಸಂಗತಿಯಿಂದಲೇ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಹೊಲಗಳನ್ನು ನೀವು ನೋಡಿರುತ್ತೀರಿ. ಕಾಲುವೆಯ ಲೈನಿಂಗ್ ಗಟ್ಟಿಯಾಗಿದ್ದಷ್ಟು ಕಾಲ ನೀರು ತನ್ನ ಪಾಡಿಗೆ ಹರಿದುಹೋಗುತ್ತದೆ. ಲೈನಿಂಗ್ ಬಿರುಕು ಬಿಟ್ಟರೆ ನೀರು ಬಸಿದು, ಪಕ್ಕದ ಹೊಲ ಜವಳಾಗಿ, ಮೇಲೆ ಸವಳು ಕೂರುತ್ತದೆ. ಮೂತ್ರಕೋಶದ ಒಳಗೋಡೆಗೂ ಇಂಥದೇ ಒಂದು ಲೈನಿಂಗ್ ಇದೆ: ಹೈಲುರಾನಿಕ್ ಆಸಿಡ್, ಕಾಂಡ್ರಾಯ್ಟಿನ್ ಸಲ್ಫೇಟ್ ಮುಂತಾದ ಪದಾರ್ಥಗಳಿಂದಾದ ತೆಳುವಾದ ಲೋಳೆಯ ಪದರ. ಮೂತ್ರದಲ್ಲಿರುವ ಪೊಟ್ಯಾಸಿಯಂ ಮತ್ತಿತರ ಲವಣಗಳು ಗೋಡೆಯೊಳಗೆ ಇಳಿಯದಂತೆ ಅದು ತಡೆಯುತ್ತದೆ. ಈ ಪದರ ಸವೆದವರಲ್ಲಿ ಲವಣಗಳು ಒಳಗೆ ಬಸಿದು ನರಗಳನ್ನು ಕೆಣಕುತ್ತವೆ, ಉರಿಯೂತ ಉಂಟುಮಾಡುವ ಕಣಗಳನ್ನು ಎಬ್ಬಿಸುತ್ತವೆ, ಮೂತ್ರ ತುಂಬಿದಷ್ಟೂ ನೋವು ಏರುತ್ತದೆ ಎಂಬುದು ಈ ಚಿಕಿತ್ಸೆಯ ಹಿಂದಿರುವ ವಿಚಾರ. ಹೊರಗಿನಿಂದ ಹೈಲುರಾನಿಕ್ ಆಸಿಡ್ ಬಿಡುವುದೆಂದರೆ ಒಡೆದ ಲೈನಿಂಗಿಗೆ ತೇಪೆ ಹಾಕಿದಂತೆ.

ಆದರೆ ಲೈನಿಂಗ್ ದುರಸ್ತಿಯಾದ ಮಾತ್ರಕ್ಕೆ ಸವಳಾದ ಹೊಲ ಮರುದಿನವೇ ಬೆಳೆ ಕೊಡುವುದಿಲ್ಲ ಎಂಬುದನ್ನು ಗಂಗಾವತಿಯ ರೈತರಿಗೆ ನಾನು ಹೇಳಬೇಕಿಲ್ಲ. ವರ್ಷಗಟ್ಟಲೆ ನೋವು ಉಂಡ ನರಗಳು ಅಷ್ಟೇ ಮೊಂಡಾಗಿರುತ್ತವೆ. ಬೆನ್ನುಹುರಿ ಮತ್ತು ಮಿದುಳಿನ ಮಟ್ಟದಲ್ಲೂ ನೋವು ಬೇರೂರಿರಬಹುದು. ಇದಲ್ಲದೆ ಈ ನೋವಿರುವ ಎಲ್ಲರಲ್ಲಿಯೂ ದೋಷ ಪದರದಲ್ಲಿಯೇ ಇರುತ್ತದೆ ಎಂದೂ ಹೇಳಲಾಗದು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ ಇದು: ರೋಗವನ್ನು ಬೇರುಸಹಿತ ತೆಗೆಯುವ ಔಷಧ ಇದಲ್ಲ, ಕೆಲವರಿಗೆ ನೋವನ್ನು, ಮತ್ತೆ ಮತ್ತೆ ಮೂತ್ರಕ್ಕೆ ಓಡುವುದನ್ನು ಗಣನೀಯವಾಗಿ ತಗ್ಗಿಸುತ್ತದೆ, ಕೆಲವರಿಗೆ ಏನೂ ಮಾಡುವುದಿಲ್ಲ. ನೀವು ಯಾವ ಗುಂಪಿನವರು ಎಂಬುದನ್ನು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಮಾಡಿ ನೋಡಿಯೇ ತಿಳಿಯಬೇಕು. ಹಾಗಾಗಿ ಮಾಡಿ ನೋಡುವ ಮೊದಲು ಲೆಕ್ಕವೊಂದನ್ನು ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ.

ಆ ಲೆಕ್ಕ ಹೀಗಿರಲಿ. ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅಳತೆಯ ಲೋಟದಿಂದ 50, 100, 150 ಮಿಲಿ ಎಂದು ನೀರು ಹಾಕುತ್ತಾ ಹೊರಗೆ ಪೆನ್ನಿನಿಂದ ಗೆರೆ ಎಳೆಯಿರಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಮಾಡಿ, ಮೂತ್ರಕ್ಕೆ ಹೋದ ಹೊತ್ತು, ಎಷ್ಟು ಬಂತು, ಹೋಗುವ ಮೊದಲು ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಅದಕ್ಕೆ ಮೊದಲು ಏನು ತಿಂದಿರಿ ಅಥವಾ ಕುಡಿದಿರಿ ಎಂದು ಮೂರು ದಿನ ಬರೆಯಿರಿ. ನನ್ನ ಬಳಿ ಬರುವ ಒಬ್ಬ ತಾಯಿ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಮೊಮ್ಮಗನ ಹಳೆಯ ಕಾಪಿಪುಸ್ತಕದ ಹಿಂದಿನ ಹಾಳೆಗಳಲ್ಲಿ ಹೀಗೆ ಬರೆದಿದ್ದರು: ರಾತ್ರಿ 11.10, 80 ಮಿಲಿ, ನೋವು 7, 12.25, 60 ಮಿಲಿ, ನೋವು 8, 1.40, 90 ಮಿಲಿ, ನೋವು 7. ಆರೋಗ್ಯವಂತರ ಮೂತ್ರಕೋಶ 400 ಮಿಲಿಯವರೆಗೆ ನಿಶ್ಚಿಂತೆಯಿಂದ ಹಿಡಿಯುತ್ತದೆ. ಆ ಒಂದು ಹಾಳೆ ನನಗೆ ಅವರ ಸ್ಕ್ಯಾನಿಂಗ್ ವರದಿಗಿಂತ ಹೆಚ್ಚು ಹೇಳಿತು. ಚಿಕಿತ್ಸೆಯ ಮೊದಲು ಮೂರು ದಿನ, ಆರನೆಯ ಡೋಸಿನ ನಂತರ ಮೂರು ದಿನ ಬರೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಫಲ ಸಿಕ್ಕಿತೋ ಇಲ್ಲವೋ ಎಂಬುದು ಯಾರ ಮಾತನ್ನೂ ಕೇಳದೆ ನಿಮಗೇ ಗೊತ್ತಾಗುತ್ತದೆ.

ಕೊನೆಯದಾಗಿ, ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೂ ಪದೇ ಪದೇ ಆಂಟಿಬಯೋಟಿಕ್ ತೆಗೆದುಕೊಳ್ಳುವುದನ್ನು ಇನ್ನು ನಿಲ್ಲಿಸಿ. ಈ ರೋಗಕ್ಕೆ ಅದರಿಂದ ಉಪಯೋಗವಿಲ್ಲ. ಮುಂದೆ ನಿಜವಾದ ಸೋಂಕು ಬಂದಾಗ ಆ ಔಷಧ ಕೆಲಸ ಮಾಡದೆ ಹೋಗುವ ಅಪಾಯ ಮಾತ್ರ ಉಳಿಯುತ್ತದೆ. ಕಲ್ಚರ್ ಶುದ್ಧವಾಗಿದ್ದೂ ಮೂತ್ರದಲ್ಲಿ ಕೀವುಕಣಗಳು ಪ್ರತಿ ಸಲ ಕಾಣುತ್ತಿದ್ದರೆ ಕ್ಷಯರೋಗದ ಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಮೂತ್ರಾಂಗಗಳ ಕ್ಷಯ ಅಪರೂಪವೇನಲ್ಲ, ಅದರ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಮ್ಮ ವರದಿಗಳಲ್ಲಿ ಆ ಸಾಲನ್ನು ಹುಡುಕಿ ನೋಡಿ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತೇನೆ. 27 ವರ್ಷ. ಬೆಳಿಗ್ಗೆ ಕೂತರೆ ಮಧ್ಯಾಹ್ನದ ತನಕ ಏಳುವಂತಿಲ್ಲ, ಅದಕ್ಕೆ ನೀರೇ ಕುಡಿಯುವುದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಉರಿಮೂತ್ರವಾಗುತ್ತದೆ. ಮನೆಯಲ್ಲಿ ಉಷ್ಣ ಎನ್ನುತ್ತಾರೆ. ಮಾತ್ರೆ ತಿಂದರೆ ಎರಡು ದಿನದಲ್ಲಿ ಹೋಗಿಬಿಡುತ್ತದೆ. ನಾನೂ ಈ ಆಸಿಡ್ ಹಾಕಿಸಿಕೊಳ್ಳಬೇಕೇ?

ಬೇಡ, ತಂಗಿ, ಸದ್ಯಕ್ಕಂತೂ ಬೇಡ. ಮಾತ್ರೆಗೆ ಎರಡು ದಿನದಲ್ಲಿ ಹೋಗುವ ಉರಿ ಬಹುಮಟ್ಟಿಗೆ ಬ್ಯಾಕ್ಟೀರಿಯಾದ ಸೋಂಕು, ಮೇಲಿನ ಶಿಕ್ಷಕಿಯವರದು ಸೋಂಕಿಲ್ಲದ ನೋವು. ಎರಡೂ ಬೇರೆ ಬೇರೆ ರೋಗ. ಮುಂದಿನ ಸಲ ಉರಿ ಶುರುವಾದಾಗ ಮಾತ್ರೆ ನುಂಗುವ ಮೊದಲು ಮೂತ್ರದ ಕಲ್ಚರಿಗೆ ಕೊಡಿ, ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಕಲ್ಲು ಇದೆಯೇ ನೋಡಿಸಿ, ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ.

ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಮಧ್ಯಾಹ್ನದ ತನಕ ನೀರು ಕುಡಿಯದಿದ್ದರೆ ಮೂತ್ರ ದಪ್ಪಗಾಗಿ, ಒಳಗೆ ಸೇರಿದ ರೋಗಾಣು ತೊಳೆದುಹೋಗದೆ ಅಲ್ಲೇ ಬೆಳೆಯುತ್ತದೆ. ಇದರಲ್ಲಿ ನಿಮ್ಮ ತಪ್ಪಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಶುಚಿಯಾದ ಶೌಚಾಲಯ, ಏಳಲು ಹತ್ತು ನಿಮಿಷ ಇವು ಔಷಧದಷ್ಟೇ ಮುಖ್ಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ, ಘಟಕ ನಡೆಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಲಿ. ಇಷ್ಟೆಲ್ಲ ಸರಿಪಡಿಸಿದ ಮೇಲೂ ಕಲ್ಚರಿನಲ್ಲಿ ಖಚಿತವಾದ ಸೋಂಕು ಮರುಕಳಿಸುತ್ತಲೇ ಇದ್ದರೆ, ಆಗ ಈ ಔಷಧದ ಮಾತು ಬರಬಹುದು. 2011ರಲ್ಲಿ ಪ್ರಕಟವಾದ, 57 ಹೆಂಗಸರ ಮೇಲಿನ ಇಟಲಿಯ ಅಧ್ಯಯನವೊಂದರಲ್ಲಿ ಹೈಲುರಾನಿಕ್ ಆಸಿಡ್ ಮತ್ತು ಕಾಂಡ್ರಾಯ್ಟಿನ್ ಸಲ್ಫೇಟ್ ಮಿಶ್ರಣ ಪಡೆದವರಿಗೆ, ಬರಿಯ ಸಲೈನ್ ಪಡೆದವರಿಗಿಂತ ವರ್ಷದೊಳಗೆ ಮರುಸೋಂಕು ಬಹಳ ಕಡಿಮೆಯಾಗಿತ್ತು. ಅದು ಚಿಕ್ಕ ಅಧ್ಯಯನ, ಮತ್ತು ನಿಮ್ಮ ಮಟ್ಟಿಗೆ ಬಹಳ ಮುಂದಿನ ಮಾತು.

ನನ್ನ ಹೆಂಡತಿಗೆ ಈ ಚಿಕಿತ್ಸೆ ಹೇಳಿದ್ದಾರೆ. ನಾವು ಮಾನ್ವಿ ಕಡೆಯವರು, ರಾಯಚೂರಿಗೆ ಬಸ್ಸಿನಲ್ಲಿ ಹೋಗಿ ಬರಬೇಕು. ಪೈಪ್ ಹಾಕುತ್ತಾರೆ ಎಂದು ಕೇಳಿ ಅವಳು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಆಪರೇಷನ್ ಥಿಯೇಟರಿಗೆ ಒಯ್ಯುತ್ತಾರೆಯೇ? ಅರಿವಳಿಕೆ ಕೊಡುತ್ತಾರೆಯೇ? ಅದೇ ದಿನ ಮನೆಗೆ ಬರಬಹುದೇ?

ಈ ಪತ್ರ ಬರೆದುದಕ್ಕೆ ನಿಮಗೆ ಧನ್ಯವಾದ. ಹೆಂಡತಿಯ ಇಂಥ ತೊಂದರೆಯ ಬಗ್ಗೆ ಕೇಳಲು ಸಂಕೋಚಪಡುವ ಗಂಡಸರೇ ಹೆಚ್ಚು. ಇದಕ್ಕೆ ಥಿಯೇಟರೂ ಬೇಡ, ಅರಿವಳಿಕೆಯೂ ಬೇಡ. ಹೊರರೋಗಿ ವಿಭಾಗದ ಒಂದು ಪರದೆಯ ಹಿಂದೆ, ಹೆಚ್ಚಿನ ಕಡೆ ತರಬೇತಾದ ನರ್ಸ್ ಅವರೇ ಇದನ್ನು ಮಾಡುತ್ತಾರೆ. ಹೆಣ್ಣುಮಕ್ಕಳೇ ಮಾಡಲಿ ಎಂದು ಕೇಳುವ ಹಕ್ಕು ನಿಮಗಿದೆ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ನಡೆಯುವುದು ಇಷ್ಟು. ಅಂದಿನ ಮೂತ್ರದಲ್ಲಿ ಸೋಂಕಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳುತ್ತಾರೆ. ಸೋಂಕಿದ್ದರೆ ಆ ದಿನ ಮುಂದಕ್ಕೆ ಹಾಕುವುದೇ ಸರಿ. ಮೂತ್ರ ಮಾಡಿ ಬರಲು ಹೇಳಿ, ಮಂಚದ ಮೇಲೆ ಮಲಗಿಸಿ, ಮೂತ್ರದ್ವಾರವನ್ನು ಶುಚಿ ಮಾಡಿ, ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಹಾಕಿ ಕೆಲವು ನಿಮಿಷ ಕಾಯುತ್ತಾರೆ. ಈ ಕಾಯುವಿಕೆಯನ್ನು ಅವಸರದಲ್ಲಿ ಬಿಟ್ಟುಬಿಡುವ ಕಡೆಗಳಲ್ಲೇ ಹೆಂಗಸರು ನೋವೆಂದು ಅಳುವುದು. ಆದ್ದರಿಂದ ನಿಮ್ಮವರು ಧೈರ್ಯವಾಗಿ ‘ಜೆಲ್ಲಿ ಹಾಕಿದ ಮೇಲೆ ಸ್ವಲ್ಪ ತಡೆಯಿರಿ’ ಎಂದು ಹೇಳಲಿ. ಆಮೇಲೆ ತೆಳುವಾದ ಕ್ಯಾತಿಟರ್ ಸೇರಿಸುತ್ತಾರೆ. 12 ನಂಬರಿನದು ಎಂದರೆ ಸುಮಾರು 4 ಮಿಲಿಮೀಟರ್ ದಪ್ಪ. ಹೆಂಗಸರಲ್ಲಿ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರವಾದ್ದರಿಂದ ಅದು ಕೂಡಲೇ ಒಳಸೇರುತ್ತದೆ. ಉಳಿದ ಮೂತ್ರವನ್ನು ಹೊರಗೆ ಬಿಟ್ಟು, 50 ಮಿಲಿಯ ಸಿರಿಂಜಿನಿಂದ ಔಷಧವನ್ನು ನಿಧಾನವಾಗಿ ಒಳಗೆ ಬಿಡುತ್ತಾರೆ. ನೋಡಲು ಅದು ತಿಳಿನೀರಿನಂತೆಯೇ ಇದ್ದರೂ ಬೆರಳಿಗೆ ತಗುಲಿದರೆ ಲೋಳೆಸರದ ತಿರುಳಿನಂತೆ ಜಾರುತ್ತದೆ. ಕ್ಯಾತಿಟರನ್ನು ಆಗಲೇ ತೆಗೆಯುತ್ತಾರೆ, ಅದನ್ನು ಇಟ್ಟುಕೊಂಡು ಮನೆಗೆ ಬರುವ ಮಾತಿಲ್ಲ.

ಔಷಧ ಒಳಗಿರಬೇಕಾದದ್ದು ಕನಿಷ್ಠ ಅರ್ಧ ಗಂಟೆ. ತಡೆಯಲಾಗುವುದಾದರೆ ಒಂದೆರಡು ಗಂಟೆ ಇನ್ನೂ ಒಳ್ಳೆಯದು. ಅದಕ್ಕೆ ಬೆಳಿಗ್ಗೆಯಿಂದ ಚಹಾ, ಕಾಫಿ ಬಿಟ್ಟು ನೀರನ್ನು ಹದವಾಗಿ ಕುಡಿದು ಬರಲಿ. ಮೂತ್ರ ಬೇಗ ತುಂಬಿದರೆ ಔಷಧ ತೆಳುವಾಗುತ್ತದೆ. ಆ ಹೊತ್ತನ್ನು ಆಸ್ಪತ್ರೆಯಲ್ಲೇ ಕಳೆದು, ಮೂತ್ರ ಮಾಡಿ, ಆಮೇಲೆ ಬಸ್ಸು ಹತ್ತಿ. ಹೊರಟ ಕೂಡಲೇ ಬಸ್ಸಿನ ಕುಲುಕಾಟದಲ್ಲಿ ತಡೆದುಕೊಳ್ಳುವ ಸಂಕಟ ಬೇಡ. ಈ ಮೂತ್ರಕ್ಕೆ ಬೇರೆ ಶೌಚಾಲಯವಾಗಲಿ ವಿಶೇಷ ಎಚ್ಚರವಾಗಲಿ ಬೇಕಿಲ್ಲ. ಮನೆಗೆ ಬಂದ ಮೇಲೆ ಎರಡು ದಿನ ಧಾರಾಳವಾಗಿ ನೀರು ಕುಡಿಯಲಿ. ಮೊದಲ ದಿನ ಸ್ವಲ್ಪ ಉರಿ, ಒಂದೆರಡು ಹನಿ ರಕ್ತದ ಛಾಯೆ ಇದ್ದರೆ ಅದು ಕ್ಯಾತಿಟರ್ ತಾಗಿದ್ದರಿಂದ. ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ, ರಕ್ತದ ಗಡ್ಡೆ ಹೋದರೆ ಮಾತ್ರ ರಾತ್ರಿಯೇ ಆದರೂ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯಾಗಿದ್ದರೆ ಅಥವಾ ಆಗಿರಬಹುದೆಂಬ ಅನುಮಾನವಿದ್ದರೆ ಮೊದಲೇ ತಿಳಿಸಿ.

ಸಿರುಗುಪ್ಪ ತಾಲ್ಲೂಕಿನ ರೈತ ನಾನು, 58 ವರ್ಷ, ಬೀಡಿಯ ಚಟ ಹಳೆಯದು. ಎರಡು ತಿಂಗಳಲ್ಲಿ ಮೂರು ಸಲ ಮೂತ್ರ ಕೆಂಪಗೆ ಹೋಯಿತು, ನೋವಿಲ್ಲ, ತಾನೇ ನಿಂತಿತು. ಮೂತ್ರಕೋಶಕ್ಕೆ ಬಿಡುವ ಔಷಧ ನನಗೂ ಆಗುತ್ತದೆಯೇ?

ಇದನ್ನು ಓದಿದ ಕೂಡಲೇ ಮೂತ್ರರೋಗ ತಜ್ಞರ ಬಳಿಗೆ ಹೋಗಿ, ಮುಂದಿನ ವಾರಕ್ಕೆ ಹಾಕಬೇಡಿ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗಿ ತಾನೇ ನಿಲ್ಲುವುದು ಮೂತ್ರಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು, ಬೀಡಿ ಮತ್ತು ಸಿಗರೇಟ್ ಅದರ ದೊಡ್ಡ ಕಾರಣ. ಕ್ಯಾನ್ಸರೇ ಇದೆಯೆಂದು ನಾನು ಹೇಳುತ್ತಿಲ್ಲ. ಕಲ್ಲು, ಪ್ರಾಸ್ಟೇಟ್ ತೊಂದರೆಯೂ ಇರಬಹುದು. ಆದರೆ ದುರ್ಬೀನು ಹಾಕಿ ಒಳಗೆ ನೋಡದೆ ಯಾರೂ ನಿಮಗೆ ಈ ಔಷಧವನ್ನಾಗಲಿ ಬೇರೆ ಔಷಧವನ್ನಾಗಲಿ ಕೊಡಬಾರದು. ಬೇಗ ಸಿಕ್ಕರೆ ಚೆನ್ನಾಗಿ ಗುಣಪಡಿಸಬಹುದಾದ ರೋಗ ಅದು. ಬೀಡಿಯನ್ನು ಇವತ್ತೇ ಬಿಡಿ.

ಸಿಂಧನೂರಿನಿಂದ ಬರೆಯುತ್ತಿದ್ದೇನೆ, 51 ವರ್ಷ. ನಾಲ್ಕು ವಾರ ನಾಲ್ಕು ಡೋಸ್ ಹಾಕಿಸಿಕೊಂಡೆ. ನೋವು ಹತ್ತಕ್ಕೆ ಏಳು ಇದ್ದದ್ದು ಆರಾಗಿದೆ ಅನ್ನಿಸುತ್ತದೆ, ಅಷ್ಟೇ. ಪೂರ್ತಿ ಹನ್ನೆರಡು ಡೋಸ್ ಆಗಬೇಕು ಎನ್ನುತ್ತಾರೆ. ಸಂಘದಿಂದ ಸಾಲ ತೆಗೆದು ಇಲ್ಲಿಯ ತನಕ ಬಂದಿದ್ದೇನೆ. ಮುಂದುವರಿಸಲೇ, ಬಿಡಲೇ?

ತಾಯಿ, ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಮುಂದಿನ ಹಾದಿ ಹೇಳುವ ಮೊದಲು ಈ ಔಷಧದ ಬಗ್ಗೆ ವೈದ್ಯಕೀಯಕ್ಕೆ ಗೊತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಾಲ ಮಾಡಿದವರಿಗೆ ಅದು ತಿಳಿದಿರಬೇಕು.

1996ರಲ್ಲಿ ಕೆನಡಾದ ವೈದ್ಯರು, ಬೇರೆ ಚಿಕಿತ್ಸೆಗಳಿಗೆ ಬಗ್ಗದ 25 ರೋಗಿಗಳಿಗೆ ವಾರಕ್ಕೊಂದರಂತೆ ನಾಲ್ಕು ಸಲ, ಆಮೇಲೆ ತಿಂಗಳಿಗೊಂದು ಸಲ 40 ಮಿಲಿಗ್ರಾಂ ಕೊಟ್ಟು ನೋಡಿದರು. ನಾಲ್ಕನೆಯ ವಾರಕ್ಕೆ ಶೇಕಡಾ 56, ಏಳನೆಯ ವಾರಕ್ಕೆ ಶೇಕಡಾ 71 ಮಂದಿಗೆ ಹಿತವಾಗಿತ್ತು. ಅದರಿಂದ ಎಲ್ಲೆಡೆ ಆಸೆ ಚಿಗುರಿತು. ಆದರೆ ಅದರಲ್ಲಿ ಹೋಲಿಸಿ ನೋಡಲು ಬರಿಯ ನೀರಿನಂಥ ದ್ರಾವಣ ಪಡೆದ ಇನ್ನೊಂದು ಗುಂಪು ಇರಲಿಲ್ಲ. ನೋವಿನ ರೋಗಗಳಲ್ಲಿ ಬರಿಯ ಆರೈಕೆಯಿಂದಲೂ, ನಂಬಿಕೆಯಿಂದಲೂ ಹಲವರಿಗೆ ಹಿತವಾಗುವುದುಂಟು. ಮುಂದೆ 2003ರ ಸುಮಾರಿಗೆ ಅಂಥ ಹೋಲಿಕೆಯ ಗುಂಪನ್ನಿಟ್ಟು ಅಮೆರಿಕ ಮತ್ತು ಕೆನಡಾಗಳಲ್ಲಿ ಪರೀಕ್ಷೆಗಳು ನಡೆದಾಗ ಔಷಧ ಪಡೆದವರಿಗೂ ಪಡೆಯದವರಿಗೂ ಗಮನಾರ್ಹ ಅಂತರ ಕಾಣಲಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಮೂತ್ರಕೋಶಕ್ಕೆ ಬಿಡುವ ಔಷಧಗಳಲ್ಲಿ ಡಿಎಂಎಸ್‌ಒ, ಹೆಪಾರಿನ್, ಲಿಗ್ನೊಕೇನ್‌ಗಳನ್ನು ಹೆಸರಿಸುತ್ತದೆ, ಇದನ್ನು ಹೆಸರಿಸುವುದಿಲ್ಲ. ಯುರೋಪಿನ ಸಂಘ ಹೆಚ್ಚು ದೊಡ್ಡ ಶಸ್ತ್ರಕ್ರಿಯೆಗಳಿಗೆ ಮುನ್ನ ಇದನ್ನು ಪ್ರಯತ್ನಿಸಬಹುದು ಎನ್ನುತ್ತದೆ. 2017ರಲ್ಲಿ 110 ಹೆಂಗಸರ ಮೇಲೆ ಹೈಲುರಾನಿಕ್ ಆಸಿಡ್ ಮತ್ತು ಕಾಂಡ್ರಾಯ್ಟಿನ್ ಮಿಶ್ರಣವನ್ನು ಡಿಎಂಎಸ್‌ಒ ಜೊತೆ ಹೋಲಿಸಿದಾಗ ಎರಡರಿಂದಲೂ ನೋವು ಇಳಿದಿತ್ತು, ಮಿಶ್ರಣದಿಂದ ಅಡ್ಡಪರಿಣಾಮ ಕಡಿಮೆಯಿತ್ತು. ಹೀಗೆ ತಿಳಿದವರೇ ಎರಡು ಮಾತು ಆಡುವ ಔಷಧ ಇದು. ನಾನು ಇದನ್ನು ಬಳಸುತ್ತೇನೆ. ಹಾನಿ ಕಡಿಮೆಯೆಂದೂ, ಕೆಲವರ ನೋಟ್‌ಬುಕ್ಕಿನಲ್ಲಿ ಆದ ಬದಲಾವಣೆಯನ್ನು ಕಣ್ಣಾರೆ ನೋಡಿರುವೆನೆಂದೂ ಬಳಸುತ್ತೇನೆ. ಆದರೆ ಯಾರಿಗೂ ಸಾಲ ಮಾಡಿ ಹಾಕಿಸಿಕೊಳ್ಳಿ ಎಂದು ಹೇಳಲಾರೆ.

ಇನ್ನು ನಿಮ್ಮ ವಿಷಯ. ಹಳೆಯ ನೋವಿನಲ್ಲಿ ಸುಮಾರು ಶೇಕಡಾ 30ರಷ್ಟಾದರೂ ಇಳಿದರೆ ಅದನ್ನು ನಿಜವಾದ ಹಿತವೆಂದು ಎಣಿಸುವುದು ರೂಢಿ. ಏಳು ಇದ್ದದ್ದು ಐದಕ್ಕೋ ಅದಕ್ಕಿಂತ ಕೆಳಕ್ಕೋ ಬರಬೇಕು. ಆರು ಡೋಸಿನ ತನಕ ಔಷಧವನ್ನು ಈಗಾಗಲೇ ಕೊಂಡಿದ್ದರೆ ಅಷ್ಟನ್ನು ಮುಗಿಸಿ, ಮೂರು ದಿನದ ಲೆಕ್ಕ ಬರೆದು ನೋಡಿ. ಅಂಕ ಇಳಿಯದೆ, ರಾತ್ರಿ ಏಳುವುದೂ ತಪ್ಪದಿದ್ದರೆ ಅಲ್ಲಿಗೆ ನಿಲ್ಲಿಸಿಬಿಡಿ. ಹನ್ನೆರಡು ಎಂಬ ಸಂಖ್ಯೆಯಲ್ಲಿ ಯಾವ ಮಂತ್ರವೂ ಇಲ್ಲ. ಆರಕ್ಕೆ ಏನೂ ಕಾಣದವರಿಗೆ ಇನ್ನೂ ಆರು ಹಾಕಿ ಎಂದು ನಾನು ಹೇಳುವುದಿಲ್ಲ. ಹಿತವಾಗಿದ್ದರೆ ಮಾತ್ರ ತಿಂಗಳಿಗೊಂದರಂತೆ ಮುಂದುವರಿಸಿ, ನಿಧಾನವಾಗಿ ಅಂತರ ಹೆಚ್ಚಿಸುವುದು ಕ್ರಮ.

ನಿಲ್ಲಿಸಿದರೆ ಎಲ್ಲ ದಾರಿಯೂ ಮುಚ್ಚಿತೆಂದಲ್ಲ, ಉಳಿದವುಗಳಲ್ಲಿ ಕೆಲವು ಬಹಳ ಅಗ್ಗ. ರಾತ್ರಿ ಮಲಗುವಾಗ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಮಾತ್ರೆಯಿಂದ ಆರಂಭಿಸಿ ವೈದ್ಯರ ನಿಗಾದಲ್ಲಿ ನಿಧಾನವಾಗಿ ಹೆಚ್ಚಿಸುವುದು ಹಳೆಯ, ಪರೀಕ್ಷೆಗೆ ಒಳಪಟ್ಟ ಚಿಕಿತ್ಸೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ, ಮಲಬದ್ಧತೆಯಾಗಬಹುದು. ಹೃದಯದ ತೊಂದರೆ ಅಥವಾ ಗ್ಲಾಕೋಮಾ ಇದ್ದರೆ ಮೊದಲೇ ಹೇಳಬೇಕು. ಪೆಂಟೋಸಾನ್ ಎಂಬ ಕ್ಯಾಪ್ಸೂಲ್ ಕೂಡ ಉಂಟು, ಆದರೆ ವರ್ಷಗಟ್ಟಲೆ ಸೇವಿಸಿದವರಲ್ಲಿ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾದದ್ದು 2018ರಿಂದ ವರದಿಯಾಗಿರುವುದರಿಂದ ಕಣ್ಣಿನ ತಪಾಸಣೆಯಿಲ್ಲದೆ ಅದನ್ನು ನುಂಗಬಾರದು. ಕಿಬ್ಬೊಟ್ಟೆಯ ತಳದ ಸ್ನಾಯುಗಳು ನೋವಿಗೆ ಹೆದರಿ ಬಿಗಿದುಕೊಂಡಿದ್ದರೆ ಅವನ್ನು ಸಡಿಲಿಸುವ ಫಿಸಿಯೋಥೆರಪಿ ತುಂಬ ಉಪಕಾರಿ. ಇಲ್ಲಿ ಒಂದು ಎಚ್ಚರಿಕೆ: ಹೆರಿಗೆಯ ನಂತರ ಹೇಳಿಕೊಡುವ ಕೆಗೆಲ್ ವ್ಯಾಯಾಮ ಸ್ನಾಯುವನ್ನು ಬಿಗಿಗೊಳಿಸುವಂಥದು, ಈ ನೋವಿನವರು ಅದನ್ನು ಮಾಡಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ನಿಮಗೆ ಅರಿವಳಿಕೆ ಕೊಟ್ಟು ದುರ್ಬೀನಿನಿಂದ ನೋಡಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಅಮೆರಿಕದ ಗೈ ಹನ್ನರ್ ಎಂಬ ವೈದ್ಯರು 1915ರಲ್ಲಿ ಹೆಂಗಸರ ಮೂತ್ರಕೋಶದಲ್ಲಿ ಕಾಣುವ ಒಂದು ಬಗೆಯ ಕೆಂಪು ಹುಣ್ಣನ್ನು ವರ್ಣಿಸಿದರು, ಅದಕ್ಕೆ ಈಗಲೂ ಅವರದೇ ಹೆಸರಿದೆ. ಕೆಲವು ರೋಗಿಗಳಲ್ಲಿ ಮಾತ್ರ ಅದು ಇರುತ್ತದೆ. ಇದ್ದವರಿಗೆ ಆ ಜಾಗವನ್ನು ಸುಟ್ಟು ಅಥವಾ ಅಲ್ಲಿಗೆ ಸ್ಟೀರಾಯ್ಡ್ ಚುಚ್ಚಿ ಕೊಡುವ ಚಿಕಿತ್ಸೆಯಿಂದ ಆಗುವಷ್ಟು ಹಿತ ಯಾವ ದ್ರಾವಣದಿಂದಲೂ ಆಗದು. ಅದನ್ನು ನೋಡದೆ ಬಿಟ್ಟಿದ್ದರೆ ಸಾಲದ ಮುಂದಿನ ಕಂತು ಡೋಸಿಗಲ್ಲ, ಆ ಪರೀಕ್ಷೆಗೆ ಹೋಗಲಿ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಥವಾ ರಾಯಚೂರಿನ ರಿಮ್ಸ್‌ನಲ್ಲಿ ಮೊದಲು ವಿಚಾರಿಸಿ, ಖರ್ಚು ಹಗುರವಾಗುತ್ತದೆ.

ಮಸ್ಕಿಯಲ್ಲಿ ನಮ್ಮದು ಖಾನಾವಳಿ. ಈ ನೋವು ಇರುವವರು ಖಾರ ತಿನ್ನಲೇಬಾರದೇ? ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಇದು ಬರುತ್ತದೆ ಎನ್ನುವುದು ನಿಜವೇ?

ಫ್ಲೋರೈಡ್ ಹಲ್ಲು ಮತ್ತು ಮೂಳೆಗಳನ್ನು ಕೆಡಿಸುವುದು ನಮ್ಮ ಜಿಲ್ಲೆಗಳ ನಿಜವಾದ ಕಷ್ಟ, ಆದರೆ ಈ ನೋವನ್ನು ಅದರ ತಲೆಗೆ ಕಟ್ಟಲು ಆಧಾರವಿಲ್ಲ. ಆಹಾರದ ಮಾತು ಬೇರೆ. ಚಹಾ, ಕಾಫಿ, ಹಸಿಮೆಣಸಿನ ಖಾರ, ನಿಂಬೆ, ಹುಣಸೆ, ಟೊಮ್ಯಾಟೊ, ಸೋಡಾ ಪಾನೀಯ ಮತ್ತು ಮದ್ಯ ಹಲವರಲ್ಲಿ ನೋವನ್ನು ಕೆರಳಿಸುತ್ತವೆ, ಎಲ್ಲರಲ್ಲೂ ಅಲ್ಲ. ಆದ್ದರಿಂದ ಎಲ್ಲವನ್ನೂ ಎರಡು ವಾರ ಬಿಟ್ಟು, ಆಮೇಲೆ ಮೂರು ದಿನಕ್ಕೊಂದರಂತೆ ಮರಳಿ ತಿಂದು ಯಾವುದು ಕೆರಳಿಸುತ್ತದೆಂದು ಕಂಡುಕೊಳ್ಳಬೇಕು. ಮಂಡಾಳು ಒಗ್ಗರಣೆಯನ್ನು ಬಿಡಬೇಕಾಗಿಲ್ಲ, ಜೊತೆಗಿನ ಮಿರ್ಚಿಯನ್ನು ಬಿಟ್ಟರೆ ಸಾಕು ಎಂದು ಕಂಡುಕೊಂಡವರಿದ್ದಾರೆ. ಜೋಳದ ರೊಟ್ಟಿ, ಖಾರವಿಲ್ಲದ ಹೆಸರುಬೇಳೆ, ಹೀರೇಕಾಯಿ, ಸೌತೆಕಾಯಿಗಳಿಂದ ತೊಂದರೆ ಹೇಳಿದವರು ಕಡಿಮೆ. ಮೂತ್ರ ಪದೇ ಪದೇ ಬರುತ್ತದೆಂದು ನೀರು ಬಿಡುವುದು ಮಾತ್ರ ತಪ್ಪು, ದಪ್ಪಗಾದ ಮೂತ್ರ ಹೆಚ್ಚು ಕೆರಳಿಸುತ್ತದೆ.

ಕುಕನೂರಿನಿಂದ: ಈ ಔಷಧ ಹುಂಜದ ಜುಟ್ಟಿನಿಂದ ತಯಾರಾಗುತ್ತದೆ ಎಂದು ಓದಿದೆ. ನಾವು ಮಾಂಸ ಮುಟ್ಟುವವರಲ್ಲ.

ಮೊದಲು ಹಾಗೆ ತೆಗೆಯುತ್ತಿದ್ದುದು ನಿಜ. ಈಗ ಹೆಚ್ಚಿನದನ್ನು ಬ್ಯಾಕ್ಟೀರಿಯಾ ಬೆಳೆಸಿ, ಹುದುಗಿಸಿ ತಯಾರಿಸುತ್ತಾರೆ. ಅದರೊಂದಿಗೆ ಬೆರೆಸುವ ಕಾಂಡ್ರಾಯ್ಟಿನ್ ಸಲ್ಫೇಟ್ ಮಾತ್ರ ಸಾಮಾನ್ಯವಾಗಿ ಪ್ರಾಣಿಗಳ ಮೃದ್ವಸ್ಥಿಯಿಂದ ಬರುವಂಥದು. ನಿಮ್ಮ ನಂಬಿಕೆಯನ್ನು ವೈದ್ಯರಿಗೆ ಹೇಳಿ, ಮಿಶ್ರಣವಲ್ಲದ, ಹುದುಗಿಸಿ ತಯಾರಿಸಿದ ಔಷಧವನ್ನೇ ಕೇಳಿ. ಕೋಳಿಯ ಪ್ರೋಟೀನಿಗೆ ಅಲರ್ಜಿ ಇರುವವರೂ ಈ ಪ್ರಶ್ನೆಯನ್ನು ಕೇಳಲೇಬೇಕು.

ನನ್ನ ತಾಯಿಗೆ 68 ವರ್ಷ, ಕೊಪ್ಪಳದಲ್ಲೇ ಇದ್ದೇವೆ. ಪ್ರತಿ ವರ್ಷ ಗವಿಮಠದ ಜಾತ್ರೆಗೆ ತಪ್ಪದೆ ನಡೆದುಹೋಗುತ್ತಿದ್ದವರು ಈ ಸಲ ಹೊಸ್ತಿಲು ದಾಟಲಿಲ್ಲ. ಕೇಳಿದರೆ ‘ಅಷ್ಟು ಜನರಲ್ಲಿ ಎಲ್ಲಿ ಹೋಗಲಿ’ ಎಂದರು. ಒಂದು ವರ್ಷದಿಂದ ಮೂತ್ರದ ನೋವನ್ನು ನಮಗೆ ಹೇಳದೆ ಸಹಿಸಿದ್ದಾರೆ. ಈ ವಯಸ್ಸಿನಲ್ಲಿ ಈ ಚಿಕಿತ್ಸೆ ಆಗುತ್ತದೆಯೇ? ಡಾಕ್ಟರ ಬಳಿ ಹೋಗೋಣವೆಂದರೆ ಒಪ್ಪುವುದಿಲ್ಲ.

ವಯಸ್ಸು ಅಡ್ಡಿಯಲ್ಲ. ಆದರೆ ಅವರಿಗೆ ಬೇಕಾಗಿರುವುದು ಈ ಚಿಕಿತ್ಸೆಯೇ ಎಂದು ಈಗಲೇ ತೀರ್ಮಾನಿಸಬೇಡಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಮೂತ್ರದ್ವಾರದ ಸುತ್ತಲಿನ ಚರ್ಮ ತೆಳುವಾಗಿ ಉರಿಯುತ್ತದೆ, ಮತ್ತೆ ಮತ್ತೆ ಮೂತ್ರ ಬರುತ್ತದೆ. ಹಾಗಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮಿನಿಂದಲೇ ಬಹಳಷ್ಟು ಹಿತವಾಗುತ್ತದೆ. ಗರ್ಭಕೋಶ ಜಾರಿರುವುದು, ಸಕ್ಕರೆ ಕಾಯಿಲೆ, ಮೂತ್ರ ಪೂರ್ತಿ ಖಾಲಿಯಾಗದಿರುವುದು, ಇವನ್ನೂ ಒಮ್ಮೆ ಪರೀಕ್ಷಿಸಿ ನೋಡಬೇಕು. ಇವೆಲ್ಲ ಇಲ್ಲವೆಂದಾದ ಮೇಲೆ ಮೂತ್ರಕೋಶದ ನೋವಿನ ರೋಗದ ಮಾತು.

ಒಪ್ಪಿಸುವ ಬಗೆ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ನನ್ನ ಅನುಭವದಲ್ಲಿ, ಆಸ್ಪತ್ರೆಯ ಮಾತು ತೆಗೆಯದೆ ಮೊದಲು ನೋಟ್‌ಬುಕ್ಕಿನ ಮಾತು ತೆಗೆದರೆ ಹಿರಿಯರು ಬೇಗ ಒಪ್ಪುತ್ತಾರೆ. ಅವರಿಗೆ ಬರೆಯಲು ಬಾರದಿದ್ದರೆ ಬಚ್ಚಲ ಕಿಟಕಿಯಲ್ಲಿ ಎರಡು ಲೋಟ, ಒಂದರಲ್ಲಿ ಹಿಡಿಯಷ್ಟು ಕಡಲೆಕಾಳು ಇಡಿ. ಮೂತ್ರಕ್ಕೆ ಹೋದಾಗಲೆಲ್ಲ ಒಂದು ಕಾಳು, ನೋವಿದ್ದರೆ ಎರಡು ಕಾಳು ಖಾಲಿ ಲೋಟಕ್ಕೆ ಹಾಕಲಿ. ಹಗಲಿನದನ್ನು ಸಂಜೆ, ರಾತ್ರಿಯದನ್ನು ಬೆಳಿಗ್ಗೆ ನೀವು ಎಣಿಸಿ ಬರೆದುಕೊಳ್ಳಿ. ಮೂರು ದಿನದ ಆ ಲೆಕ್ಕ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಹಳೆಯ ವರದಿಗಳಿದ್ದರೆ ಅವು, ಇಷ್ಟನ್ನು ತೆಗೆದುಕೊಂಡು ಕೊಪ್ಪಳದ ಕಿಮ್ಸ್‌ನ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಪರೀಕ್ಷೆಯ ಹೊತ್ತಿಗೆ ನೀವು ಒಳಗೆ ಅವರ ಪಕ್ಕದಲ್ಲೇ ನಿಲ್ಲಿ, ಹೊರಗೆ ಕೂರಬೇಡಿ.